ನೃಪತುಂಗನ ಕಾಲದ ಇನ್ನೊಂದು ಮಾರ್ಗ: ಮಹಾವೀರಾಚಾರ್ಯರ ಗಣಿತಸಾರಸಂಗ್ರಹ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ರಚಿತವಾದ ಗ್ರಂಥವೊಂದನ್ನು ಹೆಸರಿಸಿ ಎಂದರೆ ಕನ್ನಡ ಎಂ.ಎ. ತರಗತಿಯ ಯಾವ ವಿದ್ಯಾರ್ಥಿಯೂ ತಡವರಿಸದೆ ‘ಕವಿರಾಜಮಾರ್ಗ’ ಎನ್ನುತ್ತಾನೆ. ಇನ್ನೊಂದನ್ನು ಹೆಸರಿಸಿ ಎಂದಾಗ ತರಗತಿ ಮೌನವಾಗುತ್ತದೆ. ಓದಿನ ಹವ್ಯಾಸವುಳ್ಳ ಒಬ್ಬಿಬ್ಬರು ‘ಪ್ರಶ್ನೋತ್ತರ ರತ್ನಮಾಲಿಕೆ’ ಎನ್ನುವುದುಂಟು. ‘ಗಣಿತಸಾರಸಂಗ್ರಹ’ ಎಂಬ ಉತ್ತರ ನನ್ನ ಅಧ್ಯಾಪನದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿಲ್ಲ. ಇದರಲ್ಲಿ ವಿದ್ಯಾರ್ಥಿಗಳ ದೋಷವೇನೂ ಇಲ್ಲ. ಪಿಎಚ್.ಡಿ. ಪದವಿ ಕೈಗೆ ಬರುವವರೆಗೆ ನಾನೂ ಆ ಗ್ರಂಥವನ್ನು ತೆರೆದು ನೋಡಿದವನಲ್ಲ. ಗಣಿತವೆಂಬ ಮಾತು ಶೀರ್ಷಿಕೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ನಮ್ಮ ಪಾಲಿನದಲ್ಲವೆಂದು ಬದಿಗಿರಿಸಿದ್ದೆ.

ಹಾಗೆ ಬದಿಗಿರಿಸಿದ್ದರಿಂದ ಕಳೆದುಕೊಂಡದ್ದೇನು ಎಂಬುದನ್ನು ಈ ಬರೆಹದಲ್ಲಿ ವಿವೇಚಿಸಬೇಕೆಂದಿದ್ದೇನೆ. ಸಂಸ್ಕೃತ ಪರಂಪರೆಯಲ್ಲಿ ಗಣಿತವು ಜ್ಯೋತಿಷದ ಅಂಗವಾಗಿ ಬೆಳೆಯಿತು. ಅದನ್ನು ಸ್ವತಂತ್ರ ಶಾಸ್ತ್ರವಾಗಿ, ಸಮಗ್ರವಾಗಿ ನಿಲ್ಲಿಸಿದ ಪ್ರಾಚೀನ ಗ್ರಂಥಗಳಲ್ಲಿ ಪ್ರಮುಖವಾದುದು ಕ್ರಿ.ಶ. 850ರ ಸುಮಾರಿನ ಗಣಿತಸಾರಸಂಗ್ರಹ. ಈ ಸ್ಥಾನಪಲ್ಲಟಕ್ಕೆ ಜೈನ ಚಿಂತನೆಯ ಹಿನ್ನೆಲೆಯಿದೆ ಎಂಬುದು ನನ್ನ ಮುಖ್ಯ ಪ್ರತಿಪಾದನೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಗ್ರಂಥ ಅಪರಿಚಿತವಾಗಿ ಉಳಿಯಬೇಕಾದ ಕಾರಣವೇ ಇಲ್ಲ ಎಂಬುದು ಅದರಿಂದ ಹೊರಡುವ ಎರಡನೆಯ ಮಾತು.

ಜ್ಯೋತಿಷದ ಆಶ್ರಯದಲ್ಲಿ

ಭಾರತೀಯ ಗಣಿತದ ಆರಂಭದ ಇತಿಹಾಸವು ಪರಾಶ್ರಯದ ಇತಿಹಾಸ. ಶುಲ್ಬಸೂತ್ರಗಳಲ್ಲಿ ಅದು ಯಜ್ಞವೇದಿಕೆಯ ನಿರ್ಮಾಣಕ್ಕಾಗಿ ಕಾಣಿಸಿಕೊಂಡಿತು. ಹಗ್ಗ ಹಿಡಿದು ಚೌಕ ರಚಿಸುವುದು, ಒಂದು ಆಕೃತಿಯನ್ನು ಅಷ್ಟೇ ಕ್ಷೇತ್ರಫಲದ ಮತ್ತೊಂದು ಆಕೃತಿಯಾಗಿ ಮಾರ್ಪಡಿಸುವುದು ಅಲ್ಲಿಯ ಪ್ರಶ್ನೆಗಳು. ವೇದಾಂಗಜ್ಯೋತಿಷದಲ್ಲಿ ಯಜ್ಞಕ್ಕೆ ತಕ್ಕ ಕಾಲವನ್ನು ನಿರ್ಣಯಿಸುವುದಕ್ಕಾಗಿ ಲೆಕ್ಕ ಬಂದಿತು. ಮುಂದೆ ಸಿದ್ಧಾಂತಗ್ರಂಥಗಳ ಯುಗದಲ್ಲಿ ಗ್ರಹಗತಿಯ ಗಣನೆಗಾಗಿ ಗಣಿತವು ಬಹಳ ಎತ್ತರಕ್ಕೆ ಬೆಳೆಯಿತು. ಆದರೂ ಮನೆ ಮಾತ್ರ ಜ್ಯೋತಿಷದ್ದೇ ಆಗಿತ್ತು.

ಗ್ರಂಥಗಳ ರಚನೆಯಿಂದಲೇ ಇದು ತಿಳಿಯುತ್ತದೆ. ಕ್ರಿ.ಶ. 499ರ ಕಾಲವನ್ನು ಸೂಚಿಸುವ ಆರ್ಯಭಟೀಯದ ನಾಲ್ಕು ಪಾದಗಳಲ್ಲಿ ಗಣಿತಪಾದ ಒಂದು. ಅದರಲ್ಲಿರುವುದು 33 ಪದ್ಯಗಳು. ಉಳಿದೆಲ್ಲವೂ ಕಾಲ, ಗ್ರಹ ಮತ್ತು ಗೋಳದ ವಿಚಾರ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಗಣಿತಕ್ಕೆ ಮುಖ್ಯವಾಗಿ ಮೀಸಲಾದವು ಹನ್ನೆರಡನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳು. ಮಹಾವೀರಾಚಾರ್ಯರಿಗಿಂತ ಮೂರು ಶತಮಾನ ಈಚಿನವನಾದ ಎರಡನೆಯ ಭಾಸ್ಕರನ ಲೀಲಾವತಿ, ಬೀಜಗಣಿತಗಳನ್ನು ಕೂಡ ಪರಂಪರೆಯು ಸಿದ್ಧಾಂತಶಿರೋಮಣಿಯ ಭಾಗಗಳೆಂದೇ ಎಣಿಸುತ್ತದೆ. ಶ್ರೀಧರಾಚಾರ್ಯರ ಪಾಟೀಗಣಿತದಂತಹ ಸ್ವತಂತ್ರ ಗಣಿತಕೃತಿಗಳೂ ಇವೆಯಾದರೂ ರೂಢಿಯ ದಾರಿ ಮೇಲೆ ಹೇಳಿದುದೇ.

ಗಣಿತಸಾರಸಂಗ್ರಹವಾದರೋ ಒಂಬತ್ತು ಅಧ್ಯಾಯಗಳ, ಸಾವಿರಕ್ಕೂ ಹೆಚ್ಚು ಪದ್ಯಗಳ ಗ್ರಂಥ. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ ಎಂಬುದು ಅಧ್ಯಾಯಗಳ ಕ್ರಮ. ಮೊದಲನೆಯದು ಪಾರಿಭಾಷಿಕ ಪದಗಳನ್ನೂ ಮಾನಗಳನ್ನೂ ವಿವರಿಸುತ್ತದೆ. ಕೊನೆಯದು ನೆರಳಿನ ಲೆಕ್ಕ. ನಡುವೆ ಭಿನ್ನರಾಶಿ, ಬಡ್ಡಿ, ಬಂಗಾರದ ಬಣ್ಣ, ಹೊಲದ ವಿಸ್ತೀರ್ಣ, ತೋಡಿದ ಕುಳಿಯ ಘನಫಲ ಮೊದಲಾದ ವಿಷಯಗಳಿವೆ. ಗ್ರಹಸ್ಫುಟವಿಲ್ಲ, ಗ್ರಹಣಾಧಿಕಾರವಿಲ್ಲ.

ಕಡಲಿನ ರೂಪಕ

ಈ ಬದಲಾವಣೆ ಆಕಸ್ಮಿಕವಲ್ಲವೆಂಬುದನ್ನು ಗ್ರಂಥದ ಮೊದಲ ಅಧ್ಯಾಯವೇ ಹೇಳುತ್ತದೆ. ಮಂಗಳಪದ್ಯದಲ್ಲಿ ಆಚಾರ್ಯರು ವಂದಿಸುವುದು ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನೆಲ್ಲ ಬೆಳಗಿದ ಮಹಾವೀರ ಜಿನೇಂದ್ರನಿಗೆ. ಬಳಿಕ ಏಕಾಂತವಾದವನ್ನು ತೊಡೆದ ಸ್ಯಾದ್ವಾದಿಯೆಂದು ನೃಪತುಂಗನನ್ನು ಕೊಂಡಾಡಿ ಅವನ ಆಳ್ವಿಕೆ ವರ್ಧಿಸಲೆಂದು ಹಾರೈಸುತ್ತಾರೆ. ಅನಂತರ ಬರುವುದು ಗಣಿತದ ಪ್ರಶಂಸೆ. ಲೌಕಿಕ, ವೈದಿಕ, ಸಾಮಯಿಕ ವ್ಯವಹಾರಗಳೆಲ್ಲದರಲ್ಲಿಯೂ ಎಣಿಕೆ ಬೇಕೆನ್ನುತ್ತ ಅವರು ಪಟ್ಟಿಯನ್ನು ಬೆಳೆಸುತ್ತಾರೆ: ಕಾಮಶಾಸ್ತ್ರ, ಅರ್ಥಶಾಸ್ತ್ರ, ಗಾಂಧರ್ವ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣ. ಸೂರ್ಯಾದಿ ಗ್ರಹಗಳ ಸಂಚಾರ, ಗ್ರಹಣ, ಗ್ರಹಸಂಯೋಗಗಳೂ ಈ ಪಟ್ಟಿಯಲ್ಲಿವೆ. ದ್ವೀಪ, ಸಾಗರ, ಪರ್ವತಗಳ ವ್ಯಾಸ ಮತ್ತು ಪರಿಧಿಗಳೂ ಇವೆ. ಹೆಚ್ಚು ಹೇಳಿ ಪ್ರಯೋಜನವೇನು, ಮೂರು ಲೋಕದ ಚರಾಚರ ವಸ್ತುಗಳಲ್ಲಿ ಗಣಿತವನ್ನು ಬಿಟ್ಟದ್ದು ಯಾವುದೂ ಇಲ್ಲ ಎಂಬ ಅಭಿಪ್ರಾಯದಲ್ಲಿ ಆ ಪ್ರಕರಣ ಮುಗಿಯುತ್ತದೆ. ಇಲ್ಲಿ ಜ್ಯೋತಿಷದ ಸ್ಥಾನವನ್ನು ಗಮನಿಸಬೇಕು. ಗಣಿತಕ್ಕೆ ಮನೆ ಕೊಟ್ಟಿದ್ದ ವಿದ್ಯೆ ಈಗ ಅದನ್ನು ಬಳಸುವ ಹತ್ತಾರು ವಿದ್ಯೆಗಳಲ್ಲಿ ಒಂದಾಗಿದೆ.

ಇದೇ ಅಧ್ಯಾಯದಲ್ಲಿ ಗ್ರಂಥವನ್ನು ಸಮುದ್ರಕ್ಕೆ ಹೋಲಿಸುವ ವಿಸ್ತಾರವಾದ ರೂಪಕವೊಂದಿದೆ. ಸಂಜ್ಞೆಗಳೇ ನೀರು, ಪರಿಕರ್ಮಗಳೇ ದಡ, ಹೊರಳಾಡುವ ಮೀನುಗಳೇ ಭಿನ್ನರಾಶಿಗಳು, ದೊಡ್ಡ ಮೊಸಳೆಯೇ ಪ್ರಕೀರ್ಣಕ, ತೆರೆಗಳೇ ತ್ರೈರಾಶಿಕ, ರತ್ನಕಾಂತಿಯೇ ಮಿಶ್ರಕ, ವಿಶಾಲವಾದ ತಳವೇ ಕ್ಷೇತ್ರಗಣಿತ, ಮರಳೇ ಖಾತ. ಕೊನೆಗೆ, ಜ್ಯೋತಿಷದ ಗಣನೆಗೆ ಸಂಬಂಧಿಸಿದ ಛಾಯಾವ್ಯವಹಾರವು ಆ ಕಡಲಿನ ಉಬ್ಬರವಿಳಿತ. ಅಲಂಕಾರಶಾಸ್ತ್ರ ಓದಿದವರು ಇದನ್ನು ಸಾವಯವ ರೂಪಕವೆಂದು ಗುರುತಿಸಿ ಮುಂದೆ ಹೋಗಬಹುದು. ಆದರೆ ಅದರೊಳಗೆ ಒಂದು ವಾದವಿದೆ. ಹಿಂದಿನವರ ಗ್ರಂಥಗಳಲ್ಲಿ ಗಣಿತವು ಜ್ಯೋತಿಷದ ಒಂದು ಅಧ್ಯಾಯವಾಗಿತ್ತು. ಇಲ್ಲಿ ಜ್ಯೋತಿಷಕ್ಕೆ ಸಂಬಂಧಿಸಿದ್ದು ಗಣಿತಸಮುದ್ರದ ಒಂದು ಅಧ್ಯಾಯ, ಅದೂ ಕೊನೆಯದು.

ಜೈನ ಹಿನ್ನೆಲೆ

ಈ ಸ್ಥಾನಪಲ್ಲಟಕ್ಕೆ ಕಾರಣವೇನು? ಯಜ್ಞದ ಮುಹೂರ್ತಕ್ಕಾಗಿ ಕಾಲವನ್ನು ಅಳೆಯುವ ಅಗತ್ಯ ಜೈನರಿಗೆ ಇರಲಿಲ್ಲ. ಅವರಿಗೆ ಸಂಖ್ಯೆ ಬೇಕಾದದ್ದು ಲೋಕಸ್ವರೂಪವನ್ನೂ ಕರ್ಮಸ್ವರೂಪವನ್ನೂ ಅರಿಯುವುದಕ್ಕೆ. ದಿಗಂಬರ ಪರಂಪರೆಯು ಶಾಸ್ತ್ರವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಕರಣಾನುಯೋಗವೆಂಬುದು ಲೋಕದ ರಚನೆ ಮತ್ತು ಅಳತೆಗಳ ವಿಭಾಗ. ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನವಾದರೆ ಪರಿಧಿ ಎಷ್ಟು ಎಂಬ ಪ್ರಶ್ನೆಗೆ, ಹತ್ತರ ವರ್ಗಮೂಲದಿಂದ ಗುಣಿಸಿ, 3,16,227 ಯೋಜನಕ್ಕಿಂತ ತುಸು ಹೆಚ್ಚು ಎಂದು ಉತ್ತರ ಕೊಡುವುದು ಆಗಮಕಾಲದಿಂದ ಬಂದ ವಾಡಿಕೆ. ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ವಿಭಾಗ ಮತ್ತು ಅನಂತದಲ್ಲಿಯೂ ಭೇದಗಳನ್ನು ಕಾಣುವ ಸಾಹಸ ಈ ಪರಂಪರೆಯ ವೈಶಿಷ್ಟ್ಯ.

ಸ್ಥಾನಾಂಗಸೂತ್ರವು ಗಣಿತದ ವಿಷಯಗಳನ್ನು ಹತ್ತೆಂದು ಎಣಿಸುತ್ತದೆ. ಪರಿಕರ್ಮ, ವ್ಯವಹಾರ, ರಜ್ಜು, ರಾಶಿ, ಕಲಾಸವರ್ಣ, ಯಾವತ್ತಾವತ್, ವರ್ಗ, ಘನ, ವರ್ಗವರ್ಗ, ವಿಕಲ್ಪ ಎಂಬುದು ಆ ಪಟ್ಟಿ. ಪರಿಕರ್ಮ, ವ್ಯವಹಾರ, ಕಲಾಸವರ್ಣ ಎಂಬ ಹೆಸರುಗಳು ಮಹಾವೀರಾಚಾರ್ಯರ ಅಧ್ಯಾಯಗಳಲ್ಲಿ ಮರಳಿ ಬರುವುದನ್ನು ಗಮನಿಸಿದರೆ ಅವರ ಬೇರುಗಳೆಲ್ಲಿವೆಯೆಂಬುದು ತಿಳಿಯುತ್ತದೆ. ಅವರ ಕಾಲವೂ ಇದಕ್ಕೆ ಪೋಷಕವಾಗಿತ್ತು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಪರಿಕಲ್ಪನೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಸಮವಾಗಿ ಎರಡು ಮಾಡಬಹುದೆಂಬ ಎಣಿಕೆ ಅದು. ಇಂದಿನ ಲಾಗರಿದಮ್ಮಿನ ಬಂಧು. ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರು ನೃಪತುಂಗನಿಗೆ ಗುರುಗಳು. ಇದೇ ಅರಸನ ಕಾಲದಲ್ಲಿ ಶಾಕಟಾಯನನ ವ್ಯಾಕರಣಕ್ಕೆ ಅಮೋಘವೃತ್ತಿ ಹುಟ್ಟಿತು, ಉಗ್ರಾದಿತ್ಯನ ವೈದ್ಯಗ್ರಂಥ ಕಲ್ಯಾಣಕಾರಕ ಬಂದಿತು, ಕವಿರಾಜಮಾರ್ಗ ರಚಿತವಾಯಿತು. ಒಂದೊಂದು ವಿದ್ಯೆಯನ್ನೂ ಕ್ರಮಗೊಳಿಸಿ ಶಾಸ್ತ್ರವಾಗಿ ನಿಲ್ಲಿಸುವ ಹಂಬಲ ಆ ಯುಗದ್ದು. ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ತಕ್ಕ ಮಾರ್ಗವನ್ನು ರೂಪಿಸಿದ ಲಕ್ಷಣಕಾರನೂ, ಪೂರ್ವಸೂರಿಗಳ ಸಂಖ್ಯಾಜ್ಞಾನದ ಕಡಲಿನಿಂದ ಸಾರವನ್ನು ಆಯ್ದು ತಂದಿದ್ದೇನೆಂದ ಗಣಿತಜ್ಞರೂ ಒಂದೇ ಕೆಲಸವನ್ನು ಎರಡು ಕ್ಷೇತ್ರಗಳಲ್ಲಿ ಮಾಡಿದವರು.

ಮಾವು, ಮುತ್ತು ಮತ್ತು ಕಂಠಾಭರಣ

ಗ್ರಂಥದ ಸೂತ್ರಗಳಷ್ಟೇ ಅದರ ಉದಾಹರಣೆಗಳೂ ಸ್ವಾರಸ್ಯವಾಗಿವೆ. ಮಾವಿನ ಹಣ್ಣುಗಳ ರಾಶಿಯೊಂದಿದೆ. ಅರಸನು ಅದರಲ್ಲಿ ಆರನೆಯ ಒಂದು ಭಾಗವನ್ನು ತೆಗೆದುಕೊಂಡ. ಉಳಿದುದರಲ್ಲಿ ಐದನೆಯ ಒಂದು ಭಾಗ ರಾಣಿಗೆ. ಮತ್ತೆ ಉಳಿಯುತ್ತ ಹೋದುದರಲ್ಲಿ ನಾಲ್ಕನೆಯ ಒಂದು, ಮೂರನೆಯ ಒಂದು, ಎರಡನೆಯ ಒಂದು ಭಾಗ ಕ್ರಮವಾಗಿ ಮೂವರು ರಾಜಕುಮಾರರಿಗೆ. ಎಲ್ಲರಿಗಿಂತ ಕಿರಿಯನಿಗೆ ದೊರೆತದ್ದು ಕೊನೆಯಲ್ಲಿ ಉಳಿದ ಮೂರು ಹಣ್ಣು. ರಾಶಿಯಲ್ಲಿದ್ದವು ಎಷ್ಟು? ಉತ್ತರ 18. ಹಿಂದಿನಿಂದ ಲೆಕ್ಕ ಹಾಕಿದರೆ ಅರಸನಿಗೂ ಮೂರು, ರಾಣಿಗೂ ಮೂರು, ಪ್ರತಿಯೊಬ್ಬ ಕುಮಾರನಿಗೂ ಮೂರು. ದೊಡ್ಡವರಿಂದ ಚಿಕ್ಕವರವರೆಗೆ ಭಾಗಗಳ ಹೆಸರು ಬೇರೆಬೇರೆಯಾದರೂ ಪಾಲು ಸಮ. ಲೆಕ್ಕ ಬಿಡಿಸಿದ ಮೇಲಷ್ಟೇ ಈ ಸಮತೆ ಕಾಣುತ್ತದೆ.

ಇನ್ನೊಂದು ಲೆಕ್ಕ ಶೃಂಗಾರದ್ದು. ಪ್ರಣಯಕಲಹದಲ್ಲಿ ನಾಯಿಕೆಯ ಮುತ್ತಿನ ಹಾರ ಹರಿಯಿತು. ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬಿತ್ತು, ಮೂರನೆಯ ಒಂದು ಭಾಗ ದಾಸಿಯ ಕಡೆಗೆ ಉರುಳಿತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಬಾರಿ ಮುತ್ತುಗಳು ಎಲ್ಲೆಡೆ ಚೆದುರಿದವು. ಚೆದುರದೆ ಉಳಿದವು 1,161. ಈ 1,161ನ್ನು ಆರು ಬಾರಿ ಇಮ್ಮಡಿಸಿದರೆ 74,304. ಅದು ಹಾರದ ಅರ್ಧ. ಆದ್ದರಿಂದ ಇಡೀ ಹಾರದಲ್ಲಿ 1,48,608 ಮುತ್ತುಗಳು. ಅಷ್ಟು ಮುತ್ತಿನ ಹಾರವನ್ನು ಯಾವ ಕೊರಳು ಹೊತ್ತೀತು ಎಂದು ಕೇಳಬಾರದು, ಅದು ಕವಿಸಮಯ. ವೈರಾಗ್ಯವನ್ನು ಆದರ್ಶವೆಂದ ಪರಂಪರೆಯ ಆಚಾರ್ಯರೊಬ್ಬರು ಲೆಕ್ಕಕ್ಕಾಗಿ ಶೃಂಗಾರಪ್ರಸಂಗವನ್ನು ನಿಸ್ಸಂಕೋಚವಾಗಿ ಆರಿಸಿಕೊಂಡಿರುವುದು ಪಂಪ, ರನ್ನರನ್ನು ಓದಿದವರಿಗೆ ಅಚ್ಚರಿಯೆನಿಸಲಾರದು.

ಗುಣಾಕಾರದ ಪ್ರಕರಣದಲ್ಲಿ ಸಂಖ್ಯೆಗಳಿಂದಲೇ ಕಟ್ಟಿದ ಹಾರಗಳಿವೆ. 142857143 ಎಂಬುದನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎರಡು ತುದಿಗಳಲ್ಲಿ ಒಂದೊಂದು, ನಡುವೆ ಸೊನ್ನೆಗಳ ಸರ. ಇದು ಕಂಠಾಭರಣ. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಚಿತ್ರಕವಿತ್ವದ ಗತಪ್ರತ್ಯಾಗತವನ್ನು ಬಲ್ಲವರಿಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಿಲ್ಲ.

ಆರು ರಸ, ಆರು ಅಕ್ಷರ

ಸಾಹಿತ್ಯ ವಿದ್ಯಾರ್ಥಿಗೆ ಈ ಗ್ರಂಥ ಅತ್ಯಂತ ಹತ್ತಿರವಾಗುವ ಸ್ಥಳ ಮಿಶ್ರಕಾಧ್ಯಾಯದಲ್ಲಿದೆ. ಕಷಾಯ, ತಿಕ್ತ, ಆಮ್ಲ, ಕಟು, ಲವಣ, ಮಧುರ ಎಂಬ ಆರು ರಸಗಳಿಂದ ಎಷ್ಟು ಬಗೆಯ ಮಿಶ್ರಣಗಳು ಸಾಧ್ಯ ಎಂಬುದು ಅಲ್ಲಿಯ ಪ್ರಶ್ನೆ. ಇದಕ್ಕೆ ಮಹಾವೀರಾಚಾರ್ಯರು ಯಾವ ಸಂಖ್ಯೆಗಾದರೂ ಅನ್ವಯಿಸುವ ಸಾಮಾನ್ಯ ಸೂತ್ರವನ್ನು ಕೊಡುತ್ತಾರೆ. ಒಂದರಿಂದ ಆರರವರೆಗೆ ಅಂಕಿಗಳನ್ನು ಒಂದು ಸಾಲಿನಲ್ಲಿ ಕ್ರಮವಾಗಿ, ಇನ್ನೊಂದು ಸಾಲಿನಲ್ಲಿ ವ್ಯುತ್ಕ್ರಮವಾಗಿ ಇಟ್ಟು, ವ್ಯುತ್ಕ್ರಮದ ಅಂಕಿಗಳ ಗುಣಲಬ್ಧವನ್ನು ಕ್ರಮದ ಅಂಕಿಗಳ ಗುಣಲಬ್ಧದಿಂದ ಭಾಗಿಸಬೇಕು. ಎರಡು ರಸಗಳ ಮಿಶ್ರಣಕ್ಕೆ ಆರು ಗುಣಿಸು ಐದು, ಅಂದರೆ 30. ಅದನ್ನು ಒಂದು ಗುಣಿಸು ಎರಡರಿಂದ ಭಾಗಿಸಿದರೆ 15. ಹೀಗೆ ಒಂದೊಂದೇ ರಸದವು 6, ಎರಡೆರಡು ಸೇರಿದವು 15, ಮೂರು ಸೇರಿದವು 20, ನಾಲ್ಕು ಸೇರಿದವು 15, ಐದು ಸೇರಿದವು 6, ಆರೂ ಸೇರಿದುದು 1. ಒಟ್ಟು 63.

ಈಗ ಛಂದಸ್ಸಿನ ತರಗತಿಯನ್ನು ನೆನೆಯೋಣ. ಪಾದಕ್ಕೆ ಆರು ಅಕ್ಷರಗಳುಳ್ಳ ಗಾಯತ್ರಿವರ್ಗದಲ್ಲಿ ಎಷ್ಟು ಸಮವೃತ್ತಗಳು ಸಾಧ್ಯವೆಂದು ಕೇಳಿದರೆ ಪ್ರಸ್ತಾರ ಹಾಕಿ 64 ಎನ್ನುತ್ತೇವೆ. ಅವುಗಳಲ್ಲಿ ಒಂದು ಲಘುವುಳ್ಳವು 6, ಎರಡು ಲಘುವುಳ್ಳವು 15, ಮೂರು ಲಘುವುಳ್ಳವು 20, ಮುಂದೆಯೂ ಅದೇ ಕ್ರಮ. ಲಘುವೇ ಇಲ್ಲದ ಸರ್ವಗುರು ವೃತ್ತ 1. ಯಾವ ರಸವೂ ಇಲ್ಲದ ಅಡುಗೆಯನ್ನು ಯಾರೂ ಎಣಿಸುವುದಿಲ್ಲವಾದ್ದರಿಂದ ಅಲ್ಲಿ 63. ಸರ್ವಗುರು ವೃತ್ತವನ್ನು ಎಣಿಸುವುದರಿಂದ ಇಲ್ಲಿ 64. ಇಷ್ಟೇ ವ್ಯತ್ಯಾಸ. ಪಿಂಗಲನಿಂದ ಬಂದ ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಷಟ್ಪ್ರತ್ಯಯಗಳು ಗಣಿತಸಾರಸಂಗ್ರಹದಲ್ಲಿಯೂ ಚರ್ಚಿತವಾಗಿವೆ; ಒಂದೂವರೆ ಶತಮಾನದೊಳಗೆ ಕನ್ನಡದಲ್ಲಿ ನಾಗವರ್ಮನ ಛಂದೋಂಬುಧಿಯೂ ಅವನ್ನು ವಿವರಿಸಿತು. ಗಣಿತಕ್ಕೆ ಹೆದರಿ ಕನ್ನಡ ಎಂ.ಎ.ಗೆ ಬಂದೆನೆನ್ನುವ ವಿದ್ಯಾರ್ಥಿ ಪ್ರಸ್ತಾರ ಹಾಕುವಾಗ ಮಾಡುತ್ತಿರುವುದು ಮಹಾವೀರಾಚಾರ್ಯರ ಗಣಿತವನ್ನೇ. ಇದನ್ನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು ತೋರಿಸಿದ ದಿನ ತರಗತಿಯಲ್ಲಿ ಕಂಡ ಬೆರಗನ್ನು ನಾನು ಮರೆತಿಲ್ಲ.

ತಪ್ಪುಗಳ ಮಾತು

ಗ್ರಂಥವನ್ನು ಗೌರವಿಸುವುದೆಂದರೆ ಅದರ ಮಿತಿಗಳನ್ನು ಮುಚ್ಚಿಡುವುದಲ್ಲ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಮಹಾವೀರಾಚಾರ್ಯರು ಹೇಳುತ್ತಾರೆ. ಇದು ತಪ್ಪು. ಹಂಚಿಕೊಳ್ಳುವವರೇ ಇಲ್ಲದಾಗ ರಾಶಿ ಹಾಗೆಯೇ ಉಳಿಯಿತೆಂಬ ವ್ಯಾವಹಾರಿಕ ದೃಷ್ಟಿ ಇದರ ಹಿಂದೆ ಇದ್ದಿರಬಹುದೆಂದು ನನಗೆ ತೋರುತ್ತದೆ. ಮುಂದೆ ಎರಡನೆಯ ಭಾಸ್ಕರನು ಅದನ್ನು ‘ಖಹರ’ವೆಂದು ಕರೆದು ಅನಂತರಾಶಿಯೆಂದು ಭಾವಿಸಿದನು.

ಆಯತವೃತ್ತದ, ಎಂದರೆ ದೀರ್ಘವೃತ್ತದ, ವಿಷಯವೂ ಹೀಗೆಯೇ. ಅದನ್ನು ಕೈಗೆತ್ತಿಕೊಂಡದ್ದೇ ಭಾರತೀಯ ಗಣಿತದಲ್ಲಿ ಅಪರೂಪದ ಸಂಗತಿ. ಉದ್ದ 36, ಅಗಲ 12 ಇದ್ದರೆ ಅವರ ಸೂಕ್ಷ್ಮಸೂತ್ರದಂತೆ ಪರಿಧಿ ಸುಮಾರು 77.8, ಇಂದಿನ ಲೆಕ್ಕದಲ್ಲಿ ಸುಮಾರು 80.2. ಇದು ಮೆಚ್ಚತಕ್ಕ ಸಾಮೀಪ್ಯ. ಆದರೆ ಕ್ಷೇತ್ರಫಲಕ್ಕೆ ಪರಿಧಿಯನ್ನು ಅಗಲದ ನಾಲ್ಕನೆಯ ಒಂದು ಭಾಗದಿಂದ ಗುಣಿಸಬೇಕೆನ್ನುವಾಗ ಅವರು ಎಡವಿದ್ದಾರೆ. ಉತ್ತರ ಸುಮಾರು 233 ಬರುತ್ತದೆ. ನಿಜವಾದ ಕ್ಷೇತ್ರಫಲ 339ಕ್ಕೂ ಹೆಚ್ಚು. ವೃತ್ತಕ್ಕೆ ಸರಿಯಾದ ನಿಯಮ ನೀಳವಾದ ಆಕೃತಿಗೂ ಸರಿಹೊಂದೀತೆಂಬ ಸಾದೃಶ್ಯವೇ ಇಲ್ಲಿ ದಾರಿ ತಪ್ಪಿಸಿದೆ. ಇನ್ನೊಂದೆಡೆ, ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಖಚಿತವಾಗಿ ಹೇಳಿದ್ದಾರೆ. ಒಂದು ಎಂಬ ಸಂಖ್ಯೆಯನ್ನು ಅಂಶವು ಒಂದೇ ಆಗಿರುವ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಅವರ ಸೂತ್ರ ಸೊಗಸಾದುದು. ನಾಲ್ಕು ಪದಗಳಿಗೆ ಅದು ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು. ಎಲ್ಲವೂ ನಮ್ಮಲ್ಲಿಯೇ ಮೊದಲು ಇತ್ತೆಂದು ಘೋಷಿಸುವವರೂ ಏನೂ ಇರಲಿಲ್ಲವೆಂದು ಕೈಕೊಡವುವವರೂ ಗ್ರಂಥವನ್ನು ಓದದೆಯೇ ಮಾತಾಡುತ್ತಾರೆ. ಓದಿದವನಿಗೆ ಕಾಣುವುದು ಯೋಚಿಸಿದ, ಸಾಧಿಸಿದ, ಕೆಲವೊಮ್ಮೆ ತಪ್ಪಿದ ಒಬ್ಬ ಮನುಷ್ಯನ ಬುದ್ಧಿ.

ಓಲೆಗರಿಯಿಂದ ತರಗತಿಯವರೆಗೆ

ಗಣಿತಸಾರಸಂಗ್ರಹವು ದಕ್ಷಿಣದಲ್ಲಿ ಪಾಠಗ್ರಂಥವಾಗಿ ಬಾಳಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದ ಕೃತಿಗಳನ್ನು ಬರೆದನು. ಅವನೂ ಜೈನ. ಅದಕ್ಕೂ ಮುಂಚೆ, 1049ರಲ್ಲಿ, ಶ್ರೀಧರಾಚಾರ್ಯನು ಜಾತಕತಿಲಕವನ್ನು ರಚಿಸಿ ಜ್ಯೋತಿಷವನ್ನು ಕನ್ನಡಕ್ಕೆ ತಂದಿದ್ದನು. ಹೀಗೆ ಕನ್ನಡದಲ್ಲಿ ಜ್ಯೋತಿಷವೂ ಗಣಿತವೂ ಬೇರೆಬೇರೆ ಗ್ರಂಥಗಳಾಗಿಯೇ ಹುಟ್ಟಿದವು. ಮಹಾವೀರಾಚಾರ್ಯರು ಹಾಕಿದ ಗೆರೆಯನ್ನು ರಾಜಾದಿತ್ಯನು ದೇಶಭಾಷೆಯಲ್ಲಿ ಮುಂದುವರಿಸಿದನೆಂದು ನಾನು ಭಾವಿಸುತ್ತೇನೆ.

ಆಧುನಿಕ ಕಾಲದಲ್ಲಿ ಮದರಾಸಿನ ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅವರಿಗೆ ಒದಗಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಕನ್ನಡ ವ್ಯಾಖ್ಯಾನವುಳ್ಳವೂ ಇದ್ದವು. ಮೂಡುಬಿದಿರೆಯ ಜೈನ ಭಂಡಾರದ ಓಲೆಪ್ರತಿಯೂ ನೆರವಾಯಿತು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದ ಬಂದಿತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಜೈನ ಮಠವು ಪ್ರಕಟಿಸಿದ್ದು 2000ದಲ್ಲಿ. ನೃಪತುಂಗನ ಆಳ್ವಿಕೆಯಲ್ಲಿ ಹುಟ್ಟಿ, ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ಗ್ರಂಥವು ಇಂಗ್ಲಿಷಿಗೆ ಹೋದ 88 ವರ್ಷಗಳ ಬಳಿಕ ಕನ್ನಡಕ್ಕೆ ದೊರೆಯಿತು.

ದೊರೆತ ಮೇಲೂ ಅದು ಕನ್ನಡ ವಿಭಾಗದ ಕಪಾಟಿಗೆ ಬರಲಿಲ್ಲ. ಗಣಿತ ವಿಭಾಗದವರು ಅದು ಸಂಸ್ಕೃತವೆಂದರು, ನಾವು ಅದು ಗಣಿತವೆಂದೆವು. ವಿದ್ಯೆಗಳ ನಡುವೆ ಇಂತಹ ಗೋಡೆ ಮಹಾವೀರಾಚಾರ್ಯರಿಗೆ ತಿಳಿದಿರಲಿಲ್ಲ. ಗಣಿತ ಬೇಕಾದ ವಿದ್ಯೆಗಳನ್ನು ಎಣಿಸುವಾಗ ಅವರು ಕಾವ್ಯವನ್ನೂ ಅಲಂಕಾರವನ್ನೂ ಮರೆಯಲಿಲ್ಲ. ಕವಿರಾಜಮಾರ್ಗವನ್ನು ಪಾಠ ಮಾಡುವ ಅಧ್ಯಾಪಕರು ಒಂದೇ ಒಂದು ತರಗತಿಯನ್ನು ಗಣಿತಸಾರಸಂಗ್ರಹದ ಮೊದಲ ಅಧ್ಯಾಯಕ್ಕೂ ಆರು ರಸಗಳ ಲೆಕ್ಕಕ್ಕೂ ಮೀಸಲಿಟ್ಟರೆ ಸಾಕು. ಸಂಶೋಧನೆಗೆ ವಿಷಯ ಹುಡುಕುತ್ತಿರುವವರಿಗೆ ಇನ್ನೂ ದೊಡ್ಡ ಕೆಲಸ ಕಾದಿದೆ: ಮಹಾವೀರಾಚಾರ್ಯರ ಪರಿಭಾಷೆಯನ್ನೂ ರಾಜಾದಿತ್ಯನ ಕನ್ನಡ ಪರಿಭಾಷೆಯನ್ನೂ ಎದುರುಬದುರಾಗಿಟ್ಟು ನೋಡುವುದು. ಶಾಸ್ತ್ರವೊಂದನ್ನು ಕನ್ನಡದಲ್ಲಿ ಹೇಳುವುದು ಹೇಗೆಂಬ ಪ್ರಶ್ನೆಗೆ ಎಂಟುನೂರು ವರ್ಷಗಳ ಹಿಂದೆಯೇ ಒಬ್ಬನು ಉತ್ತರ ಬರೆದಿಟ್ಟಿದ್ದಾನೆ. ಅದನ್ನು ಓದುವ ಹೊಣೆ ಕನ್ನಡ ವಿಭಾಗಗಳದ್ದು.